ಶಂಶುದ್ದೀನನ ಹೆಣ್ಣೊಪ್ಪಿಸುವ ಹಾಡು

ರಾಯಚೂರಿನ ನಬೀಸಾಬನ ಮದುವೆ ಬ್ಯಾಂಡಿನಲ್ಲಿ ಶಂಶುದ್ದೀನ್ ಕ್ಲಾರಿಯೋನೆಟ್ ಊದುತ್ತಿದ್ದ. ಮೆರವಣಿಗೆಯಲ್ಲಿ ಜನ ಕೇಳಿದ ಸಿನಿಮಾ ಹಾಡೆಲ್ಲ ಊದುವನು. ಮನಸ್ಸು ಮಾತ್ರ ಹೆಣ್ಣೊಪ್ಪಿಸುವ ಹಾಡಿನ ಮೇಲೆ. ಮಾನ್ವಿ ಕಡೆಯ ಕುರ್ಡಿಯ ಒಂದು ಮದುವೆಯಲ್ಲಿ, ಮಗಳನ್ನು ಬೀಗರ ಕೈಗೆ ಒಪ್ಪಿಸುತ್ತ ಹೆಂಗಸರು ಹಾಡಿದ್ದನ್ನು ಕೇಳಿ ಆ ಧಾಟಿ ಹಿಡಿದಿದ್ದ. ಎಪ್ಪತ್ತರ ದಶಕದಲ್ಲಿ ಮಾನ್ವಿ, ದೇವದುರ್ಗದ ಕಡೆ ಅವನು ಅದನ್ನು ಊದದೆ ಮದುಮಗಳ ಗಾಡಿ ಹೊರಡುತ್ತಿರಲಿಲ್ಲ.

ಎಪ್ಪತ್ತೇಳರಲ್ಲಿ ದೇವದುರ್ಗದ ಕಡೆಯ ಹೊಳೆದಂಡೆಯ ಹಳ್ಳಿ ಗೂಗಲ್ಲಿನ ಕುರಿಗಾರ ಜಂಬಣ್ಣನ ಮಗಳು ಯಮನಮ್ಮನ ಮದುವೆ. ಗಂಡನ ಮನೆ ಕೃಷ್ಣೆಯ ಆಚೆ ದಂಡೆಯಲ್ಲಿ. ಹರಗೋಲು ಹತ್ತುವಾಗ ಹುಡುಗಿ ತಿರುಗಿ ನೋಡಿ, "ಅಣ್ಣಾ, ನಾ ಹೊಳಿ ದಾಟೋತನ ಊದ್ರಿ" ಎಂದಳು. ಹರಗೋಲು ಆಚೆ ಮುಟ್ಟುವವರೆಗೆ ಅವನು ದಂಡೆಯ ಮೇಲೆ ನಿಂತು ಊದಿದ.

ಮುಂದಿನ ಶ್ರಾವಣದಲ್ಲಿ ಯಮನಮ್ಮ ಪಂಚಮಿಗೆಂದು ತವರಿಗೆ ಬರುತ್ತಿದ್ದಳು. ಹೊಳೆ ತುಂಬಿ ಬಂದಿತ್ತು. ಹರಗೋಲು ಮಗುಚಿತು. ಹೆಣವೂ ಸಿಗಲಿಲ್ಲ.

ಮಾತು ಊರಿಂದೂರಿಗೆ ಹಬ್ಬಿತು. ಆ ಹಾಡು ಊದಿದರೆ ಹೆಣ್ಣು ತವರಿಗೆ ತಿರುಗಿ ಬರೋದಿಲ್ಲವಂತೆ. ಒಂದು ಮದುವೆಮನೆಯಲ್ಲಿ ಶಂಶುದ್ದೀನ್ ಶುರು ಮಾಡುತ್ತಿದ್ದಂತೆ ಮದುಮಗಳ ಸೋದರಮಾವ ಬಂದು ಕ್ಲಾರಿಯೋನೆಟ್ಟನ್ನೇ ಹಿಡಿದುಕೊಂಡ.

"ಹಾಡಿಂದೇನು ತಪ್ಪಿಲ್ಲ, ನನಗ ಗೊತ್ತದ" ಎಂದ ನಬೀಸಾಬ್. "ಆದ್ರ ಬೀಗರಿಗೆ ಯಾರು ತಿಳಿಸಿ ಹೇಳಬೇಕು? ಬಿಟ್ಟುಬಿಡಪಾ."

ಬಿಟ್ಟ. ಮನೆಯಲ್ಲಿ ಹೆಂಡತಿ ಕುಬ್ರಾ ಬೇಗಂ, "ಹಾಡು ಕೇಳಿ ಹೊಳಿ ಉಕ್ಕತದೇನ್ರಿ?" ಎಂದು ಕೇಳಿದಳು. ಉಕ್ಕೋದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಮದುವೆಮನೆಗಳಲ್ಲಿ ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

ಒಂದು ಮುಂಜಾನೆ ಜಂಬಣ್ಣನೇ ಬ್ಯಾಂಡಿನ ಅಂಗಡಿಗೆ ಬಂದ. "ನಮ್ಮಾಕಿ ಊಟ ಬಿಟ್ಟಾಳ್ರೀ. ಆ ಹಾಡು ಒಮ್ಮೆ ಕೇಳಸ್ರಿ ಅಂತಾಳ. ಬರ್ರಿ."

ದೇವದುರ್ಗದ ಬಸ್ಸು ಹಿಡಿದು ಇಬ್ಬರೂ ಗೂಗಲ್ಲಿಗೆ ಹೋದರು. ಜಂಬಣ್ಣನ ಹೆಂಡತಿ ಆದೆಮ್ಮ ಹೊಳೆದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ಶಂಶುದ್ದೀನ್ ಊದಿದ. ಹತ್ತಿರದ ಮನೆಗಳವರು ಬಾಗಿಲು ಮುಚ್ಚಿಕೊಂಡರು. ಆದೆಮ್ಮನ ಕಣ್ಣಲ್ಲಿ ನೀರಿರಲಿಲ್ಲ.

"ಇನ್ನೊಮ್ಮೆ, ಯಪ್ಪಾ."

ಊದಿದ. ಮತ್ತೆ ಕೇಳಿದಳು, ಮತ್ತೆ ಊದಿದ. ಬಿಸಿಲೇರಿತು, ತುಟಿ ಬಾತುಕೊಂಡಿತು. ಇನ್ನಾಗದೆ ನಿಲ್ಲಿಸಿದ.

"ಯಾಕ ನಿಂತಿ?" ಎಂದಳು ಆದೆಮ್ಮ, ನೀರಿನ ಮೇಲಿಂದ ಕಣ್ಣು ತೆಗೆಯದೆ. "ಆಕಿ ಹೋಗೋತನ ಊದಿದ್ದಿ. ಬರೋತನ ಊದು."

"ಸಾಕು ಬಿಡು, ಅವರ ತುಟಿ ನೋಡು" ಎಂದು ಜಂಬಣ್ಣ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡಳು. ಶಂಶುದ್ದೀನ್ ಮತ್ತೆ ಬಾಯಿಗಿಟ್ಟ. ಬರೀ ಗಾಳಿ ಬಂತು. ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, "ಯವ್ವಾ, ನನ್ನ ಕೈಲಿ ಆಗವಲ್ದು" ಎಂದು ಅತ್ತುಬಿಟ್ಟ. ಅಂದೂ ಆದೆಮ್ಮ ಉಣ್ಣಲಿಲ್ಲ.

ಎಂಬತ್ತರ ದಶಕದಲ್ಲೂ ಅವನು ಎಷ್ಟೋ ಮದುವೆಗೆ ಸಿನಿಮಾ ಹಾಡು ಊದಿದ. ಗೂಗಲ್ಲಿನ ಕಡೆಗೆ ಮಾತ್ರ ಹೋಗಲಿಲ್ಲ. ಜಂಬಣ್ಣ ಇನ್ನೊಮ್ಮೆ ಅವನನ್ನು ಕರೆದೊಯ್ಯಲು ರಾಯಚೂರಿಗೆ ಬಂದಾಗ ಶಂಶುದ್ದೀನ್ ಅಂಗಡಿಯ ಒಳಕೋಣೆಯಲ್ಲೇ ಇದ್ದ. "ಮಾನ್ವಿಗೆ ಹೋಗ್ಯಾನ" ಎಂದು ನಬೀಸಾಬ್ ಹೇಳಿದ್ದು ಕೇಳಿಸಿತು. ಜಂಬಣ್ಣ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ. ಆಮೇಲೆ ಕಂಬಳಿ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಶಂಶುದ್ದೀನ್ ಪರದೆಯ ಸಂದಿನಿಂದ ಅವನು ಮರೆಯಾಗುವವರೆಗೂ ನೋಡಿದ.