ಭಾನುವಾರದ ನೀರು

ಮುಂಬಯಿಯ ಮಳೆಗಾಲದಲ್ಲಿ ಗೋಡೆ, ಚಪ್ಪಲಿ, ಉಪ್ಪಿನ ಡಬ್ಬಿ ಎಲ್ಲವೂ ಒದ್ದೆ. ನಮ್ಮ ಮನೆಯಲ್ಲಿ ಒಣಗಿರುತ್ತಿದ್ದದ್ದು ನನ್ನ ಓರಗಿತ್ತಿಯ ತುಟಿ ಒಂದೇ. ಕೆಳತುಟಿಯ ನಡುವೆ ಒಂದು ಸೀಳು, ಅದರಲ್ಲಿ ಸಣ್ಣಗೆ ರಕ್ತ ಕಟ್ಟಿರುತ್ತಿತ್ತು. ಬೆಳಿಗ್ಗೆ ಅದಕ್ಕೆ ಬೆಣ್ಣೆ ಸವರಿ, ಮುಖಕ್ಕೆ ಪೌಡರ್ ಹಚ್ಚಿ, ಹಣೆಗೆ ಕಾಸಿನಗಲ ಕುಂಕುಮ ಇಟ್ಟುಕೊಂಡು ಅವರು ಆಫೀಸಿಗೆ ಹೊರಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಯಾವುದೋ ವಿಟಮಿನ್ ಕೊರತೆ ಅಂದುಕೊಂಡಿದ್ದೆ. ಅಷ್ಟು ಸುಲಭದ ವಿಷಯವಾಗಿದ್ದರೆ ಇವತ್ತು ಇದನ್ನು ಬರೆಯುತ್ತ ಕೂರುತ್ತಿರಲಿಲ್ಲ.

ಗೋರೆಗಾಂವ್‌ನಲ್ಲಿ ಅಣ್ಣತಮ್ಮಂದಿರಿಬ್ಬರದೂ ಒಂದೇ ಮನೆ. ಒಂದು ಕೋಣೆ ಭಾವನವರದು, ಒಂದು ನಮ್ಮದು. ಮೈಸೂರಿನಿಂದ ಬಂದಿಳಿದ ನನಗೆ ಭಾವನ ಹೆಂಡತಿ ಅಕ್ಕನೂ ಹೌದು, ಅತ್ತೆಯೂ ಹೌದು, ಕೈಗೆ ಸಿಕ್ಕುವ ಒಬ್ಬಳೇ ಜಗಳಗಂಟಿ ಗೆಳತಿಯೂ ಹೌದು. ನಾನು ಮೊದಲೇ ಬಾಯಿಬಡುಕಿ. ಅವರು ನಗುನಗುತ್ತಲೇ ಹಟ ಸಾಧಿಸುವವರು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಭಾವ, "ಇಬ್ಬರೂ ಹೊರಗೆ ಹೋದ್ರೆ ಮನೆ ಯಾರು ನೋಡ್ಕೋತಾರೆ?" ಎಂದು ರಾಗ ಎಳೆದರು. ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, "ಮನೆ ಏನು ಕಾಲು ಬಂದು ಓಡಿಹೋಗತ್ತಾ? ಅವಳು ಹೋಗ್ಲಿ ಬಿಡಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. ನನ್ನ ಸಂಬಳ, ನನ್ನ ಪೆನ್ಷನ್, ಈಗ ತಿನ್ನುತ್ತಿರುವ ಅನ್ನ ಎಲ್ಲ ಆ ಒಂದು ಮಾತಿನಿಂದ ಬಂದದ್ದು.

ಲೋಕಲ್ ಹತ್ತುವುದನ್ನು ಕಲಿಸಿದವರೂ ಅವರೇ. ಸೆರಗಿಗೆ ಪಿನ್ನು, ಬಳೆಗಳು ಮೊಣಕೈ ಕಡೆಗೆ, ಚೀಲ ಎದೆಗೆ. ಗಾಡಿ ನಿಲ್ಲುವ ಮೊದಲೇ ಒಳಗೆ ತೂರಿ, ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು, ಮಡಿಲಲ್ಲಿ ಸೊಪ್ಪು ಬಿಡಿಸುತ್ತ, ಚರ್ಚ್‌ಗೇಟ್ ಬರುವಷ್ಟರಲ್ಲಿ ಇಡೀ ಲೇಡೀಸ್ ಡಬ್ಬಿಯ ಕಷ್ಟಸುಖ ವಿಚಾರಿಸಿ ಮುಗಿಸುತ್ತಿದ್ದರು. ಎಲ್ಲ ಹೇಳಿಕೊಟ್ಟ ಮೇಲೆ ಕೊನೆಯಲ್ಲಿ ಒಂದು ಮಾತು: "ನೀರು ಮಾತ್ರ ಮುಟ್ಟಬೇಡ ಕಣೇ. ಈ ಊರಲ್ಲಿ ನೀರು ಕುಡಿದ ಹೆಂಗಸಿಗೆ ಮಾನ ಉಳಿಯಲ್ಲ."

ನಾನು ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಸಂಜೆ ಮನೆಗೆ ಬಂದು ಕಾಲು ತೊಳೆಯುವವರೆಗೆ ಅವರ ಗಂಟಲಿಗೆ ಒಂದು ತೊಟ್ಟು ಇಳಿಯುತ್ತಿರಲಿಲ್ಲ. ಯಾಕೆಂದು ತಿಳಿದದ್ದು ಒಮ್ಮೆ ಅವರನ್ನು ಕರೆದುಕೊಂಡು ಬರಲು ಚರ್ಚ್‌ಗೇಟ್ ಹತ್ತಿರ ಫೋರ್ಟಿನಲ್ಲಿದ್ದ ಅವರ ಆಫೀಸಿಗೆ ಹೋದಾಗ. ಹೆಂಗಸರ ಪಾಯಿಖಾನೆಗೆ ಬೀಗ. ಬೀಗದ ಕೈ ಹೆಡ್‌ಕ್ಲರ್ಕ್ ಬೆನ್ನ ಹಿಂದಿನ ಮೊಳೆಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದೇ. ನನಗೆ ಅವಸರವಾಗಿತ್ತು, ಹೋಗಿ ಕೇಳಿದೆ. ಅಷ್ಟುದ್ದದ ಹಾಲಿನಲ್ಲಿ ಟೈಪ್‌ರೈಟರುಗಳೆಲ್ಲ ಒಮ್ಮೆಗೇ ನಿಂತವು. ಆ ಮಹಾನುಭಾವ ಮೊದಲು ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿ, "ಚಾವೀ ಜಲ್ದೀ ವಾಪಸ್ ಲಾನಾ, ಮ್ಯಾಡಂ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮೇಜಿನ ಮೇಲಿನ ಕಾಗದದಿಂದ ತಲೆ ಎತ್ತಲಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಆಕೆ ವರ್ಷಗಟ್ಟಲೆ ಬಾಯಾರಿಕೊಂಡು ಬದುಕಿದ್ದರು.

ಮೊದಲ ನೋವು ಬಂದದ್ದು ಟ್ರೈನಿನಲ್ಲಿ, ಮನೆಗೆ ಮರಳುವಾಗ. ಅಂಧೇರಿ ದಾಟಿತ್ತು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡರು. ಜೋಗೇಶ್ವರಿ ಬರುವಷ್ಟರಲ್ಲಿ ನೆಲದ ಮೇಲೆ ಬಿದ್ದು, ಸೊಪ್ಪಿನ ಮೇಲೆಲ್ಲ ಹೊರಳುತ್ತಿದ್ದರು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಗಾಬರಿಯಾಗಿ, "ಕಿತನಾ ಮಹೀನಾ ಹುವಾ?" ಎಂದು ನನ್ನನ್ನು ಕೇಳಿದಳು. ಆ ಹಿಂಸೆಯಲ್ಲೂ ಅಕ್ಕ ನಕ್ಕರು. "ನೋಡೇ, ನಲವತ್ತು ದಾಟಿದ ಮೇಲೆ ಈ ಪುಣ್ಯಾತ್ಗಿತ್ತಿ ನಂಗೆ ಸೀಮಂತ ಮಾಡ್ತಿದಾಳೆ!" ಅಂದವರೇ ವಾಂತಿ ಮಾಡಿಕೊಂಡರು.

ಎಕ್ಸ್‌ರೇಯಲ್ಲಿ ಕಲ್ಲು ಕಂಡಿತು. ನಮ್ಮ ಬಡಾವಣೆಯ ಮರಾಠಿ ಡಾಕ್ಟರು ಒಳ್ಳೆಯವರು, ತಾಳ್ಮೆಯಿಂದ ಹೇಳಿದರು. "ತಾಯಿ, ಪಾನೀ ಥೋಡಾ ಥೋಡಾ, ದಿನ್ ಭರ್ ಪೀನೇ ಕಾ." ನೀರನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ, ಮೂತ್ರ ತಿಳಿಯಾಗಿ ಹೋಗುವಷ್ಟು ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು. ಮೂತ್ರವನ್ನು ಬಟ್ಟೆಯಲ್ಲಿ ಸೋಸಿ ನೋಡಬೇಕು, ಕಲ್ಲು ಬಿದ್ದರೆ ತಂದು ತೋರಿಸಬೇಕು. ನೋವು ನಿಂತರೂ ಸರಿ, ಮತ್ತೆ ಫೋಟೋ ತೆಗೆಸಲೇಬೇಕು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದರು.

ಮನೆಗೆ ಬಂದು ತಮ್ಮದೇ ಲೆಕ್ಕ ಹಾಕಿದರು. ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ಸ್ವಲ್ಪ ಹೊತ್ತು. ಆಗ ಡ್ರಮ್ಮು, ಬಕೆಟ್ಟು, ಕೊನೆಗೆ ಪಾಯಸದ ಪಾತ್ರೆಯನ್ನೂ ತುಂಬಿಟ್ಟುಕೊಂಡರೆ ದಿನವಿಡೀ ಚಿಂತೆಯಿಲ್ಲ. ದೇಹವೂ ಹಾಗೇ ಎಂದು ಆಕೆ ನಂಬಿಬಿಟ್ಟರು. ಭಾನುವಾರ ಬೆಳಿಗ್ಗೆ ಮೂರು ಚೊಂಬು ಸಾಲಾಗಿ ಇಟ್ಟುಕೊಂಡು, ಕಣ್ಣು ಮುಚ್ಚಿ ಗಟಗಟ ಕುಡಿಯುತ್ತಿದ್ದರು. ಭಾವ ಮಾಟುಂಗದಿಂದ ಬಾಳೆದಿಂಡು ತರುತ್ತಿದ್ದರು. ಅದರ ರಸ, ಅದರ ಪಲ್ಯ, ಮೇಲೆ ಹುರುಳಿ ಕಟ್ಟು, ಬಾರ್ಲಿ ಗಂಜಿ. ಸಂಜೆಗೆ ಹೊಟ್ಟೆ ತಟ್ಟಿಕೊಂಡು, "ವಾರಕ್ಕೆ ಆಗೋಷ್ಟು ಟ್ಯಾಂಕ್ ಫುಲ್ ಕಣೇ!" ಅನ್ನುತ್ತಿದ್ದರು. ಸೋಮವಾರದಿಂದ ಮತ್ತೆ ಮರಳುಗಾಡು.

"ಅಕ್ಕ, ನೀವೇನು ಒಂಟೆನಾ? ಭಾನುವಾರದ ನೀರು ಭಾನುವಾರವೇ ಹೋಗತ್ತೆ" ಎಂದು ನಾನು ಕೂಗಾಡಿದೆ.

"ನೀನು ಬ್ಯಾಂಕಿನೋಳು, ಇವತ್ತು ಹಾಕಿದ್ದು ಇವತ್ತೇ ಖರ್ಚಾಗತ್ತಾ? ಸುಮ್ನಿರೇ" ಅಂದರು.

ನೋವು ಬರುತ್ತಿತ್ತು, ಹೋಗುತ್ತಿತ್ತು. ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಮಂಡಿಯೂರಿ, ಬಿಸಿನೀರಿನ ಚೀಲ ಸೊಂಟಕ್ಕೊತ್ತಿಕೊಂಡು, ಹಲ್ಲು ಕಚ್ಚಿ ಕೂರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅದು ನಿಂತೇ ಹೋಯಿತು. ವಾರ ಕಳೆಯಿತು, ತಿಂಗಳು ಕಳೆಯಿತು, ನೋವಿನ ಸುಳಿವಿಲ್ಲ. ಮನೆಯಲ್ಲಿ ಹಬ್ಬ. ಮಾಟುಂಗದ ದೇವಸ್ಥಾನಕ್ಕೆ ಹೋಗಿ ಹರಕೆ ತೀರಿಸಿದೆವು, ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ನನಗೊಬ್ಬಳಿಗೇ ಏನೋ ಕೊರೆಯುತ್ತಿತ್ತು. "ಸರಿ ಅಕ್ಕ, ಆದರೆ ಕಲ್ಲೆಲ್ಲಿ? ಬಟ್ಟೆಯಲ್ಲಿ ಏನೂ ಸಿಗಲಿಲ್ಲವಲ್ಲ?" ಅಂದೆ.

"ಹುರುಳಿ ಕಟ್ಟಿಗೆ ಕರಗಿ ನೀರಾಗಿ ಹೋಯ್ತು ಬಿಡೇ."

"ಒಂದು ಫೋಟೋ ತೆಗೆಸಿಬಿಡೋಣ."

"ನೋವೇ ಇಲ್ಲದ ಮೇಲೆ ಯಾತಕ್ಕೆ ಫೋಟೋ? ಶುಭ ನುಡಿಯೇ ಶಕುನದ ಹಕ್ಕಿ ಅಂದ್ರೆ ಇವಳು..." ಎಂದು ನನ್ನ ತಲೆ ಮೇಲೆ ಮೊಟಕಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲಿನದು ಸದ್ದಿಲ್ಲದೆ ಬಂತು. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದಲ್ಲಿ ಹಳ್ಳವಾಗಿ ಉಳಿಯುತ್ತಿತ್ತು. ಬಳೆ ಮುಂದಕ್ಕೆ ಸರಿಯದು. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತದೆ, ಬಾಯೆಲ್ಲ ತಾಮ್ರ ನೆಕ್ಕಿದ ಹಾಗಿದೆ ಅನ್ನುತ್ತಿದ್ದರು. ಯಾವತ್ತೂ ಕೂತು ನಿದ್ದೆ ಮಾಡದಿದ್ದವರು ಟ್ರೈನಿನಲ್ಲಿ ನನ್ನ ಹೆಗಲಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗತೊಡಗಿದರು. ಜಗಳವಾಡಿ, ಅತ್ತು, ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಲ್ಲು ಎಲ್ಲಿಗೂ ಹೋಗಿರಲಿಲ್ಲ. ದಾರಿಗಡ್ಡವಾಗಿ ಕೂತು ಒಂದು ಕಿಡ್ನಿಯನ್ನು ಪೂರಾ ತಿಂದು ಹಾಕಿತ್ತು. ಮಾತಾಡುವ ಶಕ್ತಿ ಆ ಕಿಡ್ನಿಗೆ ಉಳಿದಿರಲಿಲ್ಲ, ಅದಕ್ಕೇ ನೋವು ನಿಂತದ್ದು. ಇನ್ನೊಂದರಲ್ಲೂ ಕಲ್ಲು ತುಂಬಿ, ಕೀವಾಗಿ, ಅದೂ ಹೋಗುವುದರಲ್ಲಿತ್ತು. ನಾವು ದೇವಸ್ಥಾನದಲ್ಲಿ ಕಾಯಿ ಒಡೆಸಿದ ದಿನ ಒಳಗೆ ಏನು ನಡೆಯುತ್ತಿತ್ತು ಎಂದು ಯೋಚಿಸಿದರೆ ಇವತ್ತಿಗೂ ನನಗೆ ದೇವರ ಮೇಲೆ ಸಿಟ್ಟು ಬರುತ್ತದೆ.

ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಜೊತೆಗೆ ಹೊಸ ಕಟ್ಟಳೆ ಬಂತು: ನೀರು ಕುಡಿಯಕೂಡದು. ಕುಡಿದದ್ದು ಹೊರಗೆ ಹೋಗಲು ದಾರಿಯಿಲ್ಲ, ಒಳಗೇ ನಿಲ್ಲುತ್ತದೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ನರ್ಸು ಒಂದು ಲೋಟಕ್ಕೆ ಗೀಟು ಹಾಕಿಕೊಟ್ಟಳು. ನೀರು ಕುಡಿಯಿರಿ ಎಂದು ವರ್ಷಗಟ್ಟಲೆ ಬೆನ್ನು ಹತ್ತಿದ್ದ ನಾನೇ ಈಗ ರಜೆ ಹಾಕಿ ಮನೆಯಲ್ಲಿ ಕೂತು ಲೋಟ ಕಾಯುವವಳಾದೆ. ಭಾವನಿಂದ ಆಗುತ್ತಿರಲಿಲ್ಲ, ಅವರು ಅತ್ತುಬಿಡುತ್ತಿದ್ದರು.

ಅದು ಮೇ ತಿಂಗಳು. ಮುಂಬಯಿಯ ಮೇ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

"ಒಂದು ಗುಟುಕು ಕೊಡೇ. ನಿನ್ನ ದಮ್ಮಯ್ಯ."

"ಸಂಜೆ ಪಾಲು ಈಗ್ಲೇ ಕುಡಿದ್ರೆ ಸಂಜೆಗೇನು ಮಾಡ್ತೀರಿ ಅಕ್ಕ?"

"ಸಂಜೆ ಯಾರು ಕಂಡಿದಾರೆ?"

ಕೊಡಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಲು ಕೊಡುತ್ತಿದ್ದೆ, ಉಗುಳುವವರೆಗೆ ಎದುರಿಗೇ ನಿಂತಿರುತ್ತಿದ್ದೆ. ತಮ್ಮ ಯೌವನವಿಡೀ ನೀರಿಗೆ ಬೆನ್ನು ತಿರುಗಿಸಿದ್ದ ಹೆಂಗಸು ಈಗ ಪಕ್ಕದ ಮನೆಯ ನಲ್ಲಿ ಸದ್ದಾದರೂ ಆ ಕಡೆ ಕತ್ತು ತಿರುಗಿಸುತ್ತಿದ್ದರು.

ಒಂದು ದಿನ ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ಮೈಮೇಲೆ ನೀರು ಬೀಳುವ ಸದ್ದೂ ಇಲ್ಲ. ಬಾಗಿಲು ಬಡಿದೆ. ತೆರೆದರು. ಸೀರೆ ಒಣಗಿಯೇ ಇತ್ತು, ಗಲ್ಲ ಮಾತ್ರ ಒದ್ದೆ, ಕೈಯಲ್ಲಿ ಸ್ನಾನದ ತಂಬಿಗೆ. ಎಷ್ಟು ದಿನದಿಂದ ನಡೆದಿತ್ತೋ. ನಾನು ಬಾಯಿಗೆ ಬಂದಂತೆ ಬೈದೆ.

"ತಪ್ಪಾಯ್ತು ಅನ್ನಲ್ಲ ಕಣೇ" ಅಂದರು. "ತಣ್ಣಗಿತ್ತು. ನೀರು ಇಷ್ಟು ರುಚಿ ಇರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಮರುದಿನ ಉಸಿರಾಡುವುದು ಕಷ್ಟವಾಯಿತು. ಮಲಗಲಾರರು, ಕೂರಲಾರರು. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿದರು, ಆದರೆ ಶ್ವಾಸಕೋಶದಲ್ಲಿ ನೀರು ತುಂಬಿಬಿಟ್ಟಿತ್ತು, ಹೃದಯವೂ ಸೋತಿತ್ತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಬೇಕಾದವರನ್ನೆಲ್ಲ ಕರೆಸಿ ಅಂದರು.

ಭಾವ ಮನೆಯಿಂದ ಗಂಗೆಯ ಗಿಂಡಿ ತಂದು ಅದರ ಮುಚ್ಚಳದ ಬೆಸುಗೆ ಒಡೆದರು. ಅವರು ಅಕ್ಕನ ಬಾಯಿಗೆ ಒಂದು ಉದ್ಧರಣೆ ನೀರು ಹಾಕಿದರು. ನನ್ನ ಯಜಮಾನರು ಒಂದು ಹಾಕಿದರು. ಬಿಲ್ಡಿಂಗಿನವರು, ಆಫೀಸಿನಿಂದ ಓಡಿಬಂದ ಹೆಂಗಸರು, ಒಬ್ಬೊಬ್ಬರೂ ಬಾಗಿ ಬಾಗಿ ನೀರು ಬಿಟ್ಟರು. ಲೋಟಕ್ಕೆ ಗೀಟು ಹಾಕಿಕೊಟ್ಟ ನರ್ಸು ಬಾಗಿಲಲ್ಲೇ ನಿಂತಿದ್ದಳು, ಬೇಡ ಅನ್ನಲಿಲ್ಲ. ನನ್ನ ಸರದಿ ಬಂದಾಗ ಉದ್ಧರಣೆ ಬಿಟ್ಟು ಗಿಂಡಿಯನ್ನೇ ಎತ್ತಿದೆ.

"ಕುಡೀರಿ ಅಕ್ಕ, ಎಷ್ಟು ಬೇಕೋ ಅಷ್ಟು ಕುಡೀರಿ" ಅಂದೆ.

ನೀರು ಒಳಗೆ ಇಳಿಯಲಿಲ್ಲ. ಕಟಬಾಯಿಂದ ಹರಿದು ಕುತ್ತಿಗೆಗೆ ಬಂತು. ಸೆರಗಿನಿಂದ ಒರೆಸಿದೆ.