ಕೆಳಸ್ವರದ ಯೂಜಿನ್

ನಮ್ಮ ಯೂಜಿನ್‌ನ ದನಿ ಬಾವಿಯೊಳಗಿನಿಂದ ಬಂದ ಹಾಗೆ ಆಳ. ದೋಹಾದ ಚರ್ಚಿನಲ್ಲಿ ಶುಭ ಶುಕ್ರವಾರ ಶಿಲುಬೆಯ ಯಾತನೆಯ ಕಥೆ ಹಾಡುವಾಗ ಯೇಸುವಿನ ಪಾಲು ಅವನದೇ. ಯೇಸುವಿಗೆ ಕೆಳಸ್ವರ, ಗುಂಪಿಗೆ ಮೇಲುಸ್ವರ ಎನ್ನುವುದು ಹಳೆಯ ಪದ್ಧತಿ. ಹನ್ನೊಂದು ವರ್ಷ ಅದನ್ನು ಕೇಳಿ ಹೆಂಗಸರು ಅತ್ತಿದ್ದೇವೆ. ಉಳಿದ ದಿನ ಅವನು ಕೂಲಿಯಾಳು ಒದಗಿಸುವ ಕಂಪನಿಯಲ್ಲಿ ರಜೆ ಅರ್ಜಿಗಳ ಗುಮಾಸ್ತ.

ದೋಹಾದ ಫುಟ್‌ಬಾಲ್ ವಿಶ್ವಕಪ್‌ನ ವರ್ಷ ಅಲ್ ಅಜೀಜಿಯಾ ಬಡಾವಣೆಯ ಇಟಲಿಯ ಸಂಗೀತ ಟೀಚರೊಬ್ಬಳು ಒಪೇರಾ ಎಂಬ ಅವರ ಹಾಡುನಾಟಕದ ತುಣುಕುಗಳನ್ನಾಡಲು ನಮ್ಮ ಚರ್ಚಿನ ಹಾಡುಗಾರರ ತಂಡ ಕೊಯರ್ ಅನ್ನು ಕರೆದಳು. ಯೂಜಿನ್‌ನ ದನಿ ಕೇಳಿದವಳೇ ಖಳನ ಪಾತ್ರ ಕೊಟ್ಟಳು. ಅವರಲ್ಲಿ ಮೇಲುಸ್ವರದವನು ನಾಯಕ, ಕೆಳಸ್ವರದವನು ಕೇಡಿಗನಂತೆ. ಮೊದಲ ದಿನ ಇವನು ಯಕ್ಷಗಾನದ ರಕ್ಕಸನಂತೆ ಅಬ್ಬರಿಸಿದ. ಟೀಚರ್ ನಕ್ಕುಬಿಟ್ಟಳು. ಒಳ್ಳೆಯ ಖಳ ಕೂಗುವುದಿಲ್ಲ, ಎಲ್ಲಕ್ಕಿಂತ ಸಿಹಿಯಾದ ರಾಗ ಅವನದು, ಬೇಡಲು ಬಂದವನಿಗೆ ಆಸೆ ತೋರಿಸಿ ಕಾಯಿಸುತ್ತಾನೆ ಎಂದಳು. ಮೂಗಿಗೆ ತುಪ್ಪ ಸವರುವುದು, ಅಷ್ಟೇ. ನಾವೂ ನಕ್ಕೆವು. ಹೆಚ್ಚು ನಕ್ಕವನು ನಾಯಕನ ಪಾತ್ರದ ಸೆಲೆಸ್ಟಿನ್, ಯೂಜಿನ್‌ನ ಕಂಪನಿಯ ಎಲೆಕ್ಟ್ರಿಷಿಯನ್. ಯೂಜಿನ್ ಅದನ್ನು ಮರೆಯಲಿಲ್ಲ.

ಅಕ್ಟೋಬರಿನಲ್ಲಿ ಕಾರ್ಕಳದಲ್ಲಿ ಸೆಲೆಸ್ಟಿನ್‌ನ ತಾಯಿ ಹಾಸಿಗೆ ಹಿಡಿದರು. ಜೀವ ಇರುವಾಗಲೇ ಮುಖ ನೋಡಬೇಕೆಂದು ಅವನು ಅರ್ಜಿ ಹಾಕಿದ. ಆಟಗಳು ಮುಗಿಯುವ ತನಕ ಯಾರಿಗೂ ರಜೆಯಿಲ್ಲ. ಆದರೆ ಇಂಥ ಅರ್ಜಿ ಬಂದರೆ ತನಗೆ ಕಳಿಸಬೇಕೆಂದು ಮ್ಯಾನೇಜರ್ ಹೇಳಿದ್ದ. ಯೂಜಿನ್ ಅದನ್ನು ಡ್ರಾಯರಿನಲ್ಲಿಟ್ಟ.

ಸೆಲೆಸ್ಟಿನ್ ದಿನವೂ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಬಂದು ಕೈಕಟ್ಟಿ ನಿಲ್ಲುತ್ತಿದ್ದ. ಯೂಜಿನ್ ಚಹಾ ತರಿಸಿ, ತಾಯಿಯ ಊಟ ನಿದ್ದೆ ವಿಚಾರಿಸಿ, ಮೆಲ್ಲಗೆ ಹೇಳುತ್ತಿದ್ದ: “ಫೈಲ್ ಮೇಲೆ ಹೋಗಿದೆ ಮಾರಾಯ. ನಾಳೆ ಆಗ್ತದೆ.”

ರಿಹರ್ಸಲಿಗೆ ಹೋಗುವಾಗ ಕಾರಿನಲ್ಲಿ ಅದನ್ನೇ ನನಗೆ ನಟಿಸಿ ತೋರಿಸುತ್ತಿದ್ದ. ಎಲ್ಲಿ ತಡೆಯಬೇಕು, ಎಲ್ಲಿ ನಗಬೇಕು ಎನ್ನುವುದನ್ನು ಬೇಡಲು ಬಂದ ಆ ಸೆಲೆಸ್ಟಿನ್ ಮುಖ ನೋಡಿಯೇ ಕಲಿತೆ ಎಂದ. ಅರ್ಜಿ ಎಲ್ಲಿದೆ ಎಂದೂ ಹೇಳಿದ. ನಾನು ನಕ್ಕೆ. ನನ್ನ ಮನೆಯಿರುವ ಮುಐದರ್‌ನಿಂದ ನನಗೆ ಬೇರೆ ಕಾರು ಸಿಗುತ್ತಿರಲಿಲ್ಲ ಎನ್ನುವುದು ನೆಪ. ನನಗೂ ಮಜಾ ಅನ್ನಿಸಿತ್ತು.

ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ತಾಯಿ ತೀರಿಕೊಂಡರು. ಸೆಲೆಸ್ಟಿನ್ ಮಣ್ಣು ಹಾಕುವುದನ್ನು ಫೋನಿನಲ್ಲಿ ನೋಡಿದ. ನಾಯಕನಿಲ್ಲದೆ ಯೂಜಿನ್ ಒಬ್ಬನೇ ಹಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುವಾರ ಮ್ಯಾನೇಜರೇ ಸೆಲೆಸ್ಟಿನ್‌ನನ್ನು ಕರೆದು, ಅರ್ಜಿ ಯಾಕೆ ಹಾಕಲಿಲ್ಲ ಎಂದು ಕೇಳಿದ. ಸೆಲೆಸ್ಟಿನ್‌ಗೆ ಅರ್ಥವಾಯಿತು.

ಮುಂದಿನ ಶುಭ ಶುಕ್ರವಾರ ಯೂಜಿನ್ ಎಂದಿನಂತೆ ಯೇಸುವಿನ ಜಾಗದಲ್ಲಿ ನಿಂತ. ಸೆಲೆಸ್ಟಿನ್ ಗುಂಪಿನಲ್ಲಿದ್ದ. ಶಿಲುಬೆಗೆ ಹಾಕಿ ಎಂದು ಗುಂಪು ಕಿರುಚುವ ಕಡೆ ನಾವೆಲ್ಲ ಕಿರುಚಿ ನಿಲ್ಲಿಸಿದೆವು. ಅವನೊಬ್ಬನೇ ನಿಲ್ಲಿಸಲಿಲ್ಲ. ಯೂಜಿನ್‌ನ ಮುಖವನ್ನೇ ನೋಡುತ್ತ, ‘ನಾಳೆ ಆಗ್ತದೆ’ ಎನ್ನುವಾಗ ಅವನು ತಡೆಯುತ್ತಿದ್ದ ಹಾಗೆಯೇ ತಡೆದು, ಅವನು ನಗುತ್ತಿದ್ದ ಹಾಗೆಯೇ ನಕ್ಕು, ಆ ಮಾತನ್ನು ಜೇನಿನಷ್ಟು ಸಿಹಿಯಾಗಿ ಇನ್ನೊಮ್ಮೆ ಹಾಡಿದ.

ಮುಂದಿನ ಸಾಲು ಯೂಜಿನ್‌ನದು. ದನಿ ಹೊರಡಲಿಲ್ಲ. ಭಕ್ತಿಯಿಂದ ಗಂಟಲು ಕಟ್ಟಿತೆಂದು ಹೆಂಗಸರು ಅತ್ತರು. ನಾನು ಪುಸ್ತಕದಲ್ಲಿ ಮುಖವಿಟ್ಟುಕೊಂಡೆ.