ಅಮಾವಾಸ್ಯೆಗೆ ಬೀಳದ ಸ್ವಿಚ್ಚು

ಬನಹಟ್ಟಿಯ ನಮ್ಮ ಮನೆಯಲ್ಲಿ ದೀಪಕ್ಕೂ ಮಗ್ಗಕ್ಕೂ ಕರೆಂಟು ಬರುವುದು ಒಂದೇ ಪೆಟ್ಟಿಗೆಯಿಂದ. ಎಲ್ಲಾದರೂ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಅದರಲ್ಲಿದೆ. ಹೋದ ವರ್ಷ ಅದು ಹೊತ್ತಲ್ಲದ ಹೊತ್ತಿನಲ್ಲಿ ಬೀಳತೊಡಗಿತು. ಬಿದ್ದಾಗಲೆಲ್ಲ ಮಗ್ಗಗಳು ಒಮ್ಮೆಲೇ ನಿಂತು ಸೀರೆಯಲ್ಲಿ ಅಡ್ಡಪಟ್ಟಿ ಮೂಡುತ್ತಿತ್ತು. ಅಪ್ಪ ಆ ಸ್ವಿಚ್ಚಿನ ಏಳು ತಲೆಮಾರನ್ನು ಹಿಡಿದು ಬೈಯುತ್ತಿದ್ದ.

ಅವ್ವನ ಕೆಲಸ ಹಿತ್ತಿಲಲ್ಲಿ. ತಗಡಿನ ಚಪ್ಪರದ ಕೆಳಗೆ ನೂಲಿನ ಲಡಿಗಳಿಗೆ ಬಣ್ಣ ಹಾಕಿ, ಹಿಂಡಿ, ಕಬ್ಬಿಣದ ಉದ್ದ ಸರಳಿಗೆ ನೇತುಹಾಕುತ್ತಿದ್ದಳು. ಬರಿಗಾಲು, ನೆಲವೆಲ್ಲ ನೀರು. ಅಲ್ಲಿ ಹಗಲೂ ಹಚ್ಚಿಡುತ್ತಿದ್ದ ಟ್ಯೂಬ್‌ಲೈಟಿನ ವೈರು ಆ ಸರಳಿಗಿಂತ ಒಂಚೂರು ಕೆಳಗೆ ಅಡ್ಡ ಹಾದುಹೋಗಿತ್ತು. ಕೆಲಸ ಮಾಡುವಾಗ ಕೈ ಜುಮ್ಮೆನ್ನುತ್ತದೆ ಎಂದು ಅವ್ವ ಆಗಾಗ ಹೇಳುತ್ತಿದ್ದಳು.

“ಕರೆಂಟ್ ಹೊಡ್ಯಾಕತ್ತಿರಬೇಕು ಬೇ,” ಅಂದೆ.

“ಏ, ಬಣ್ಣದ ಕಾಟ ಅದು. ಬಣ್ಣಕ್ಕ ಬೆರೆಸೋ ಸೋಡಾದಾಗ ಕೈ ಹಾಕಿದವ್ರಿಗೆಲ್ಲಾ ಹಿಂಗ ಆಕೈತಿ.”

ನಮ್ಮ ಓಣಿಯಲ್ಲಿ ಬಣ್ಣ ಹಾಕುವವರ ಕೈ ಉರಿಯುವುದು, ಜುಮ್ಮೆನ್ನುವುದು ಸುದ್ದಿಯೇ ಅಲ್ಲ. ಆದರೂ ನನಗೆ ಸಮಾಧಾನವಿರಲಿಲ್ಲ. ವೈರಿಂಗ್ ಮಾಡುವವನನ್ನು ಕರೆಸು ಎಂದು ಅಪ್ಪನ ಬೆನ್ನು ಹತ್ತಿದೆ.

ಕರೆಸಿದ. ಯಾವತ್ತು? ಅಮಾವಾಸ್ಯೆ ದಿನ. ಅಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ, ಬಣ್ಣದ ಒಲೆಯನ್ನೂ ಹೊತ್ತಿಸುವುದಿಲ್ಲ, ಲಡಿಯನ್ನೂ ಹಾಕುವುದಿಲ್ಲ. ಕರೆಂಟು ತೆಗೆದರೂ ಕೆಲಸ ಕೆಡುವುದಿಲ್ಲವಲ್ಲ! ವೈರಿಂಗಿನವನು ದೀಪಗಳನ್ನೆಲ್ಲ ಆರಿಸಿ ಒಂದೊಂದಾಗಿ ಹಚ್ಚುತ್ತ ಬಂದ. ಪಡಸಾಲೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು. ಸ್ವಿಚ್ಚು ಅಲುಗಲಿಲ್ಲ. ಮುಂದಿನ ಅಮಾವಾಸ್ಯೆಗೂ ಅದೇ ಹಾಡು.

“ಲೈಟಿನ್ಯಾಗ ಏನೂ ಇಲ್ರೀ. ಸ್ವಿಚ್ಚ ಕೆಟ್ಟೈತಿ,” ಅಂದ ಆತ.

“ಹಂಗಾರ ಅದನ್ನ ತಗದು ನೇರ ಜೋಡಿಸಿಬಿಡು,” ಅಂದ ಅಪ್ಪ.

ನಾನು ಜಗಳ ತೆಗೆದೆ. “ಹೊಸಾದು ತಂದು ಹಾಕಪ್ಪಾ. ಅವ್ವ ದಿನಾ ನೀರಾಗ ನಿಂದರತಾಳ.”

“ತರೋಣಂತ. ಮದ್ಲ ಈ ಸೀರಿ ಮಗ್ಗದಿಂದ ಇಳೀಲಿ.”

ಆತ ಸ್ವಿಚ್ಚು ತೆಗೆದು ನೇರ ಜೋಡಿಸಿ ಹೋದ. ಆ ಸೀರೆ ಇಳಿಯಿತು, ಮತ್ತೊಂದು ಏರಿತು. ಮಗ್ಗಗಳು ನಿಲ್ಲದೆ ಬಡಿದವು. ಮನೆಮಂದಿಗೆಲ್ಲ ನೆಮ್ಮದಿ. ಆ ನೆಮ್ಮದಿ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವ್ವ ಹೋದದ್ದು ಹಾಡಹಗಲಲ್ಲಿ. ಊಟಕ್ಕೆ ಕರೆಯಲು ಹೋದರೆ ಹಸಿ ಲಡಿಗಳ ಕೆಳಗೆ ಬಿದ್ದಿದ್ದಳು. ಅಂಗೈ ಸುಟ್ಟಿತ್ತು. ಕೂಗಿದ್ದಳೋ ಇಲ್ಲವೋ, ಮಗ್ಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು.

ಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪ ಹೊಸ ಸ್ವಿಚ್ಚು ತಂದು ಹಾಕಿಸಿದ. ಈ ಸಲ ಅಮಾವಾಸ್ಯೆಗೆ ಕಾಯಲಿಲ್ಲ, ವಾರದ ನಡುವೆಯೇ ತಾನೇ ಮಗ್ಗ ನಿಲ್ಲಿಸಿದ. ಕರೆಂಟು ತೆಗೆದು, ಅವ್ವ ಹಾಕುತ್ತಿದ್ದಂತೆ ನಾನು ಹಸಿ ಲಡಿಗಳನ್ನು ಸರಳಿಗೆ ಹಾಕಿದೆ. ನೀರಿನ ಭಾರಕ್ಕೆ ಸರಳು ಜಗ್ಗಿತು. ಜಗ್ಗಿ, ಟ್ಯೂಬ್‌ಲೈಟಿನ ವೈರಿನ ಸವೆದ ಜಾಗಕ್ಕೆ ಹೋಗಿ ಕೂತಿತು. ಒಳಗೆ ಬಂದು ಸ್ವಿಚ್ಚು ಎತ್ತಿದೆ. ಟಪ್ಪನೆ ಬಿತ್ತು.

“ಮತ್ತೊಮ್ಮೆ ಎತ್ತು,” ಅಂದ ಅಪ್ಪ.

ಎತ್ತಿದೆ, ಬಿತ್ತು. ನನ್ನಿಂದ ಆಗಲಿಲ್ಲ, ಸರಿದು ನಿಂತೆ. ಆಮೇಲೆ ಅವನೇ ಎತ್ತತೊಡಗಿದ. ಬಿದ್ದರೆ ಬೈಯುತ್ತಿದ್ದ ಮನುಷ್ಯ, ಬಿದ್ದಾಗಲೆಲ್ಲ ಹಿತ್ತಿಲ ಕಡೆ ನೋಡಿ ಮತ್ತೆ ಎತ್ತುತ್ತಿದ್ದ. ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಲಡಿಗಳು ಒಣಗಿದವು, ಸರಳು ಮೇಲೆದ್ದಿತು, ಸ್ವಿಚ್ಚು ಎತ್ತಿದಂತೆಯೇ ನಿಂತಿತು. ಹಿತ್ತಿಲ ದೀಪ ಚೆನ್ನಾಗಿ ಹತ್ತಿಕೊಂಡಿತು.

ಅಪ್ಪ ಅದರ ಕೆಳಗೆ ಹೋಗಿ ಕೂತ.

“ಅಮಾಸಿ ದಿನಾನೂ ಹಿಂಗ ಹತ್ತಿತ್ತಲ್ಲ,” ಅಂದು ಅಳತೊಡಗಿದ.

ಅವನನ್ನು ಸಂತೈಸಲು ನನಗೆ ಮನಸ್ಸು ಬರಲಿಲ್ಲ.